ಬಸಿಲಿಯಾಳ ವಯಸ್ಸು

ಅಕ್ಟೋಬರ್ 3, ಮಂಗಳವಾರ

ಕೊಚಬಾಂಬಾದ ಭೂದಾಖಲೆ ವಿಭಾಗಕ್ಕೆ ವರ್ಗ ಮಾಡಿಕೊಡಿ ಎಂದು ಕೊನೆಗೂ ಅರ್ಜಿ ಹಾಕಿದೆ. ಅಲ್ಲಿ ಚಳಿಯಿಲ್ಲ, ಮಂಡಿ ನೋಯುವುದಿಲ್ಲ. ಹೊಲ ಗದ್ದೆಗಳು ನನ್ನ ಕೈ ಹಿಡಿದು ಅಳುವುದಿಲ್ಲ. ಕಾಸಿಲ್ಲದ ಆರೋಪಿಗಳಿಗೆ ಸರ್ಕಾರ ಕೊಡುವ ವಕೀಲೆಯಾಗಿ ಕೂಗಿ ಕೂಗಿ ಗಂಟಲು ಒಣಗಿತು. ಉಳಿದದ್ದನ್ನು ಈ ಒರುರೊ ಊರಿನ ಚಳಿಗಾಳಿ ಒಣಗಿಸಿತು.

ಇವತ್ತು ಮತ್ತೆ ನಾಲ್ಕು ಫೈಲು. ಮೂರು ಕಳ್ಳತನ. ನಾಲ್ಕನೆಯದು ಬಸಿಲಿಯಾ ವರಾಚಿ ಎಂಬ ಹುಡುಗಿಯದು. ಚಿಲಿ ಗಡಿಯ ಬಸ್ಸಿನಲ್ಲಿ ಕೂತಿದ್ದಾಳೆ, ಕಾಲ ಬಳಿ ಚೀಲ, ಚೀಲದಲ್ಲಿ ಕೊಕೇನು. ಚೀಲ ಕೊಟ್ಟವಳು ಜ್ಞಾನಸ್ನಾನದಲ್ಲಿ ಇವಳನ್ನು ಎತ್ತಿಕೊಂಡ ಜ್ಞಾನತಾಯಿ. ಆಕೆ ಈಗ ಗಡಿಯಾಚೆ ಎಲ್ಲಿದ್ದಾಳೋ ದೇವರಿಗೇ ಗೊತ್ತು. ಗುರುತಿನ ಚೀಟಿಯ ಪ್ರಕಾರ ಹುಡುಗಿಗೆ ಆಗಸ್ಟಿನಲ್ಲಿ ಹದಿನೆಂಟು ತುಂಬಿತು, ಸೆಪ್ಟೆಂಬರಿನಲ್ಲಿ ಸಿಕ್ಕಿಬಿದ್ದಳು. ಗ್ರಹಚಾರ ಎಂದರೆ ಇದು. ಒಂದು ತಿಂಗಳು ಮೊದಲು ಸಿಕ್ಕಿಬಿದ್ದಿದ್ದರೆ ಮಕ್ಕಳ ನ್ಯಾಯಾಲಯ, ಶಾಲೆ, ಸಣ್ಣ ಶಿಕ್ಷೆ. ಈಗ ದೊಡ್ಡವರ ಜೈಲು.

ತಪ್ಪೊಪ್ಪಿಕೊಂಡರೆ ಎಂಟು ವರ್ಷ, ವಿಚಾರಣೆ ನಡೆಸಿದರೆ ಹನ್ನೆರಡರವರೆಗೂ ಹೋಗಬಹುದು. ಒಪ್ಪಿಸಿಬಿಡುವುದೇ ವಾಸಿ. ನವೆಂಬರ್ ಏಳಕ್ಕೆ ದಿನ ಸಿಕ್ಕಿದೆ. ನಾನು ಹೋಗುವ ಮೊದಲು ಒಂದು ಫೈಲಾದರೂ ಮುಚ್ಚಿದಂತಾಗುತ್ತದೆ.

ಅಕ್ಟೋಬರ್ 9, ಸೋಮವಾರ

ಮಹಿಳಾ ಜೈಲಿಗೆ ಹೋಗಿದ್ದೆ. ಅಂಗಳದ ತುಂಬ ಒದ್ದೆ ಬಟ್ಟೆ, ತಾಯಂದಿರ ಜೊತೆ ಒಳಗೇ ಬೆಳೆಯುವ ಮಕ್ಕಳು. ಬಸಿಲಿಯಾ ಯಾರೆಂದು ಕೇಳಿದರೆ ಕಾವಲಿನವಳು ಮಕ್ಕಳ ಗುಂಪಿನ ಕಡೆ ಗಲ್ಲ ಎತ್ತಿ ತೋರಿಸಿದಳು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಗೋಲಿಯಾಡುತ್ತಿದ್ದಳು. ಗೆದ್ದ ಗೋಲಿಗಳನ್ನು ಲಂಗದ ಮಡಿಲಿಗೆ ಹಾಕಿಕೊಂಡೇ ಎದ್ದು ಬಂದಳು.

ತಪ್ಪೊಪ್ಪಿಗೆಯ ವಿಚಾರ ವಿವರಿಸಿದೆ. ಬಾಯಿಪಾಠವಾಗಿರುವ ಮಾತು, ನನಗೇ ಕೇಳಿಸುವುದಿಲ್ಲ ಈಗೀಗ.

"ಎಂಟು ವರ್ಷ ಅಂದ್ರೆ..." ಎಂದು ಬೆರಳು ಮಡಚಿದಳು. "ಇಪ್ಪತ್ನಾಲ್ಕು ಆಗ್ತದೆ ನಂಗೆ."

"ಇಪ್ಪತ್ತಾರು," ಎಂದೆ.

"ಕಾಗದಕ್ಕೆ ಇಪ್ಪತ್ತಾರು. ನಂಗೆ ಇಪ್ಪತ್ನಾಲ್ಕು. ನಂಗೀಗ ಹದಿನಾರು ಲಾಯರಮ್ಮ."

ನಗು ಬಂತು. ಈ ಜೈಲಿಗೆ ಬಂದವರೆಲ್ಲ ಮೊದಲ ತಿಂಗಳು ಹದಿನಾರೇ. ಒಬ್ಬಳಿಗಂತೂ ಮೊಮ್ಮಗಳಿದ್ದಳು. ಆಗಲಿ, ಮನೆಯವರಿಂದ ವಾಸಸ್ಥಳದ ಪತ್ರ ಬೇಕು, ನಿನ್ನಮ್ಮನಿಗೆ ಹೇಳು ಎಂದು ಎದ್ದೆ. ಸಹಿಗೆ ಅವಸರವಿಲ್ಲ, ಯೋಚಿಸು ಎಂದೂ ಹೇಳಿದೆ. ಹಾಗೆ ಹೇಳುವುದು ನಿಯಮ.

ಅಕ್ಟೋಬರ್ 12, ಗುರುವಾರ

ನಮ್ಮ ಕಚೇರಿಯ ಸಮಾಜ ಕಾರ್ಯಕರ್ತೆ ನಿಯೆವೆಸ್‌ಗೆ ಈ ವಿಷಯ ಹೇಳಿದ್ದೇ ತಪ್ಪಾಯಿತು. ಮೂವತ್ತು ದಾಟಿಲ್ಲ ಅವಳಿಗೆ, ಇನ್ನೂ ಆಸೆ ಬತ್ತಿಲ್ಲ.

"ಅಕ್ಕ, ವಯಸ್ಸು ತಿಳಿಯೋಕೆ ಮೂಳೆ ಎಕ್ಸ್‌ರೇ ಕೇಳೋಣ."

"ಕಾಗದ ಇದೆಯಲ್ಲೇ ಮಾರಾಯ್ತಿ."

"ಕೇಳೋಕೇನು ದುಡ್ಡು ಕೊಡಬೇಕಾ? ನೀವು ಹೇಗಿದ್ರೂ ಹೊರಟಿದ್ದೀರ. ಹೋಗೋಕೆ ಮುಂಚೆ ಒಂದು ಅರ್ಜಿ ಬರೆದ್ರೆ ಕೈ ಸವೀತದಾ?"

ಬರೆದುಕೊಟ್ಟೆ. ಆರೋಪ ಹೊರಿಸುವ ಕಡೆಯ ವಕೀಲ ಸೆಂತೆನೊ ಅದನ್ನು ಓದಿ, ಕೋರ್ಟಿನ ಮೆಟ್ಟಿಲ ಮೇಲೇ ನಿಲ್ಲಿಸಿಕೊಂಡ. "ಡೆಲ್ಫಿನಾ, ನಿಮ್ಮ ಕಕ್ಷಿದಾರರೆಲ್ಲ ಹದಿನಾರಕ್ಕೇ ನಿಂತುಬಿಡ್ತಾರಲ್ರೀ. ಯಾವ ಸೋಪು ಅಂತ ಹೇಳಿ, ನನ್ನ ಹೆಂಡ್ತಿಗೂ ಕೊಡಿಸ್ತೀನಿ." ಕೆಟ್ಟ ಮನುಷ್ಯನಲ್ಲ. ಅವನಿಗೂ ಸುಸ್ತಾಗಿದೆ, ಅಷ್ಟೇ.

ಅಕ್ಟೋಬರ್ 20, ಶುಕ್ರವಾರ

ಲಾರಿಯವರು ರಸ್ತೆ ತಡೆದಿದ್ದಾರೆ. ಹುಡುಗಿಯನ್ನು ಎಕ್ಸ್‌ರೇಗೆ ಕರೆತರಲಿಲ್ಲ. ನನ್ನ ಬೇರೆ ಎರಡು ವಿಚಾರಣೆಗಳೂ ಮುಂದಕ್ಕೆ ಹೋದವು. ಒಬ್ಬರು ನ್ಯಾಯಾಧೀಶರು ರಜೆ, ಇನ್ನೊಬ್ಬರ ಕಚೇರಿಯಲ್ಲಿ ಕಾಗದವಿಲ್ಲ. ಮನೆಗೆ ನಡೆದೇ ಬಂದೆ. ಮಂಡಿ.

ಅಕ್ಟೋಬರ್ 26, ಗುರುವಾರ

ಎಕ್ಸ್‌ರೇ ವರದಿ ಬಂತು. "ಸುಮಾರು ಹದಿನೆಂಟು, ಎರಡು ವರ್ಷ ಹೆಚ್ಚು ಕಡಿಮೆ ಇರಬಹುದು" ಎಂದು ವೈದ್ಯರು ಬರೆದಿದ್ದಾರೆ. ಹೀಗೆ ಬರೆಯಲು ನಾನೇ ಸಾಕಿತ್ತು.

ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಮಗು ಎಂದೇ ತಿಳಿಯಬೇಕು ಎಂಬ ಕಾನೂನು ನಮ್ಮಲ್ಲಿದೆ. ಅದನ್ನೇ ಹಿಡಿದು ನ್ಯಾಯಾಧೀಶರ ಕೊಠಡಿಗೆ ಹೋದೆ. ಅವರು ವರದಿಯನ್ನೂ ನೋಡಿದರು, ಗುರುತಿನ ಚೀಟಿಯನ್ನೂ ನೋಡಿದರು. "ಡಾಕ್ಟರಿಗೆ ಅನುಮಾನ ಇರಬಹುದು ವಕೀಲರೇ. ಕಾಗದಕ್ಕೆ ಇಲ್ವಲ್ಲ? ಕಾಗದ ಇರೋ ಕಡೆ ಅನುಮಾನ ಎಲ್ಲಿಂದ ತರ್ತೀರಿ?" ಎಂದರು. ಸರಿಯಾದ ಮಾತೇ. ಏಳನೇ ತಾರೀಖು ಒಪ್ಪಿಗೆ ಕೊಡಿಸಿ ಮುಗಿಸುವುದು.

ತಂಗಿ ಫೋನು ಮಾಡಿ, ಸತ್ತವರು ಮನೆಗೆ ಬರುವ ದಿನ ಅಪ್ಪನಿಗೆ ಈ ವರ್ಷ ಎಡೆಯ ಮೇಜು ಹೂಡುತ್ತೀಯೋ ಇಲ್ಲವೋ ಎಂದು ಕೇಳಿದಳು. ಅಪ್ಪ ಹೋಗಿ ಇದು ಎರಡನೇ ವರ್ಷ. ಮೂರು ವರ್ಷ ಹೂಡಬೇಕು. ಆಗಲ್ಲ ಕಣೆ, ಅಪ್ಪ ಈ ಸಲ ನಿನ್ನ ಮನೆಗೇ ಬರಲಿ ಎಂದೆ. ಫೋನು ಕುಕ್ಕಿದಳು.

ನವೆಂಬರ್ 1, ಬುಧವಾರ

ಆದದ್ದನ್ನು ಆದ ಹಾಗೇ ಬರೆಯಬೇಕು.

ಬಸಿಲಿಯಾಳ ತಾಯಿ ವಾಸಸ್ಥಳದ ಪತ್ರ ತಂದುಕೊಡಲೇ ಇಲ್ಲ. ಹೆಸರು ಸತುರ್ನಿನಾ. ಸಂತೆಬೀದಿಯಲ್ಲಿ ಹಿಮಕ್ಕೊಣಗಿಸಿದ ಆಲೂಗಡ್ಡೆ ಮಾರುತ್ತಾಳೆ, ಫೋನು ಎತ್ತುವುದಿಲ್ಲ. ಇವತ್ತು ಸತ್ತವರು ಮನೆಗೆ ಬರುವ ದಿನ, ಕಚೇರಿ ಅರ್ಧ ದಿನ, ನನಗೆ ಮನೆಯಲ್ಲಿ ಕೆಲಸವೂ ಇಲ್ಲ. ನಾನೇ ಹೋದೆ. ಊರ ಅಂಚಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ.

ಬಾಗಿಲು ತೆರೆದೇ ಇತ್ತು. ಒಳಗೆ ಮೇಜು ಹೂಡಿದ್ದಳು. ಹಾಸಿದ್ದು ಬಿಳಿ ಬಟ್ಟೆ. ಅಂದರೆ ಸತ್ತದ್ದು ಮಗು. ಸಕ್ಕರೆ ಮಿಠಾಯಿ, ಒಂದು ಲೋಟ ಹಾಲು, ಹೂಬಿಟ್ಟ ಈರುಳ್ಳಿಯ ಕಡ್ಡಿ, ಸತ್ತ ಜೀವ ಇಳಿದು ಬರಲು ರೊಟ್ಟಿಯ ಏಣಿ. ನಡುವೆ ಅಂಗೈಯಗಲದ ರೊಟ್ಟಿಗೊಂಬೆ, ಅದಕ್ಕೆ ಕೆಂಪು ಕೆನ್ನೆಯ ಗಾರೆ ಮುಖ. ರೊಟ್ಟಿಗೊಂಬೆಯ ಎದೆಯ ಮೇಲೆ ಭಟ್ಟಿಯವನು ಸಕ್ಕರೆ ಪಾಕದಲ್ಲಿ ಹೆಸರು ಬರೆದಿದ್ದ. ಬಸಿಲಿಯಾ.

ಜೈಲಿನಲ್ಲಿ ಏನಾದರೂ ಆಗಿ, ನನಗೆ ತಿಳಿಸದೇ ಹೋದರೋ ಎಂದುಕೊಂಡೆ. ನಂತರ ಸಿಟ್ಟು ಬಂತು.

"ಏನಮ್ಮಾ ಇದು! ಬದುಕಿರೋ ಮಗಳಿಗೆ ಮೇಜು ಹೂಡ್ತಾರಾ? ಸೋಮವಾರ ನೋಡ್ಕೊಂಡು ಬಂದೆ ಅವಳನ್ನ. ಚೆನ್ನಾಗಿದ್ದಾಳೆ!"

ಸತುರ್ನಿನಾ ಗಾಬರಿಯಾಗಲಿಲ್ಲ. ಸ್ಟೂಲು ಒರೆಸಿ ಮುಂದಿಟ್ಟಳು. "ಆ ಬಸಿಲಿಯಾಗಲ್ಲ ಕಣವ್ವ. ಇದು ದೊಡ್ಡ ಬಸಿಲಿಯಾಗೆ."

"ದೊಡ್ಡ ಬಸಿಲಿಯಾ ಯಾರು?"

"ಮೊದಲ್ನೇದು. ಹತ್ತು ತಿಂಗಳಿತ್ತು. ಚಳೀಲಿ ಕೆಮ್ಮು ಕಟ್ಕೊಂಡು ಹೋಯ್ತು. ಮರುವರ್ಸ ಆಲೂಗಡ್ಡೆ ಕೀಳೋ ಕಾಲಕ್ಕೆ ಇವಳು ಹುಟ್ಟಿದ್ಳು. ಇವಳಿಗೂ ಅದೇ ಹೆಸರ ಮಡಗ್ದೋ."

"ಹುಟ್ಟಿದ ಕಾಗದ?"

"ಕಾಗದ ಇತ್ತಲ್ಲ." ನಾನು ಏನು ಕೇಳುತ್ತಿದ್ದೇನೆಂದೇ ಅವಳಿಗೆ ತಿಳಿಯಲಿಲ್ಲ. "ದೊಡ್ಡೋಳ್ದು ಇತ್ತಲ್ಲ. ಹೊಸದಾಗೇ ಇತ್ತು, ಒಂದ್ ಮಡಿಕೆನೂ ಬಿದ್ದಿರ್ನಿಲ್ಲ. ನೋಂದಣಿ ಆಫೀಸಿಗೆ ನಮ್ಮೂರಿಂದ ಒಂದಿನ ನಡೀಬೇಕು. ದೊಡ್ಡೋಳ್ನ ಬೆನ್ನಿಗೆ ಕಟ್ಕೊಂಡು ಆಗ ಒಂದಪ ಹೋಗಿದ್ದೆ. ಕೂಸು ಎತ್ಕೊಂಡು ಇನ್ನೊಂದಪ ಯಾರು ಹೋದಾರು?"

ಹಳ್ಳಿಗಳಲ್ಲಿ ಹೀಗೆ ಮಾಡುತ್ತಾರೆಂದು ಕೇಳಿದ್ದೆ. ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ ಕಾಗದವೂ ಬರುತ್ತದೆ. ಕೇಳಿದ್ದೆ, ಆದರೆ ಕೇಸಿನಲ್ಲಿ ಹೊಳೆದಿರಲಿಲ್ಲ.

"ಮೂರು ವರ್ಷಕ್ಕೆ ಮೇಜು ನಿಲ್ಲಿಸ್ತಾರಲ್ಲಮ್ಮ?"

"ದೊಡ್ಡೋರಿಗೆ ತಿಳೀತದೆ, ನಿಲ್ಲಿಸ್ತಾರೆ. ಕೂಸಿಗೆ ಏನ್ ಗೊತ್ತಾದಾತು? ಬರ್ತನೇ ಇರ್ತದೆ." ಆಮೇಲೆ ನನ್ನ ಕೈ ಹಿಡಿದು, "ಬಂದಿದ್ದೀರಿ, ಒಂದ್ ಪ್ರಾರ್ಥನೆ ಹೇಳಿ ಹೋಗಿ. ನಂಗೆ ಅರ್ಧಂಬರ್ಧ ಬರ್ತದೆ," ಎಂದಳು.

ಮಂಡಿಯೂರಿದೆ. ನೋವಿನಲ್ಲೇ ಪೂರ್ತಿ ಹೇಳಿದೆ. ಪ್ರಾರ್ಥನೆ ಹೇಳಿದವರಿಗೆ ಕೊಡಬೇಕಾದ ಹಾಗೆ ಚೀಲದ ತುಂಬ ರೊಟ್ಟಿ ಕೊಟ್ಟಳು. ತಾಯಿಗೆ ತೋರಿಸಲೆಂದು ಒಯ್ದಿದ್ದ ತಪ್ಪೊಪ್ಪಿಗೆಯ ಕಾಗದ ನನ್ನ ಬ್ಯಾಗಿನಲ್ಲೇ ಉಳಿಯಿತು.

ನವೆಂಬರ್ 2, ಗುರುವಾರ

ಮಧ್ಯಾಹ್ನ ಸತ್ತವರು ಹೊರಡುವ ಹೊತ್ತಿಗೆ ಸ್ಮಶಾನಕ್ಕೆ ಹೋಗಿ, ಅಪ್ಪನ ಗೋರಿಯ ಮೇಲೆ ಸತುರ್ನಿನಾ ಕೊಟ್ಟ ರೊಟ್ಟಿಯಲ್ಲೇ ಎರಡು ಇಟ್ಟು ಬಂದೆ. ಪರರ ಮನೆಯ ರೊಟ್ಟಿ. ಅಪ್ಪ ಬೈದುಕೊಂಡಿರಬೇಕು.

ನವೆಂಬರ್ 6, ಸೋಮವಾರ

ಬೆಳಗ್ಗೆ ಸತುರ್ನಿನಾ ಕಚೇರಿಗೆ ಬಂದಳು. ನಾನೂ ನಿಯೆವೆಸ್ಸೂ ಸೇರಿ ಬಿಡಿಸಿ ಬಿಡಿಸಿ ಹೇಳಿದೆವು. ಕೋರ್ಟಿನಲ್ಲಿ ನೀನು ಮೊನ್ನೆ ನನಗೆ ಹೇಳಿದ್ದನ್ನೇ ಹೇಳಬೇಕು. ಆ ಕಾಗದ ಸತ್ತ ಮಗುವಿನದು, ಈ ಮಗುವಿಗೆ ಹದಿನಾರು, ಅಷ್ಟೇ. ನಮಗೆ ರುಜುವಾತು ಬೇಡ, ಅನುಮಾನ ಹುಟ್ಟಿದರೆ ಸಾಕು. ಎಂಟು ವರ್ಷ ಹೋಗಿ ಒಂದೋ ಎರಡೋ ಆಗುತ್ತದೆ, ಅದೂ ಶಾಲೆಯಿರುವ ಹುಡುಗಿಯರ ಕೇಂದ್ರದಲ್ಲಿ, ಬಹುಶಃ ಮನೆಯಲ್ಲೇ.

ಎಲ್ಲ ಕೇಳಿಸಿಕೊಂಡು, "ನಾನು ಹೇಳಾಕಿಲ್ಲ," ಎಂದಳು.

ಸುಳ್ಳು ಕಾಗದಕ್ಕೆ ಜೈಲಿಗೆ ಹಾಕುತ್ತಾರೆಂಬ ಭಯವೇನೋ ಎಂದುಕೊಂಡೆ. ಅದೆಲ್ಲ ಹಳೇ ಕಥೆ, ಯಾರೂ ಕೇಳುವುದಿಲ್ಲ ಎಂದೆ.

"ಜೈಲಿಗೆ ಹಾಕಿದ್ರೆ ಹಾಕ್ಲಿ, ಮಗಳ ಜೊತೆಗೇ ಇರ್ತೀನಿ. ಅದಲ್ಲ ಕಣವ್ವ." ಹ್ಯಾಟನ್ನು ತೊಡೆಯ ಮೇಲೆ ತಿರುಗಿಸುತ್ತ ಕೂತಳು. "ನನ್ನ ದೊಡ್ಡ ಮಗಳು ಮಣ್ಣಲ್ಲವಳೆ, ಸರಿ. ಸರ್ಕಾರದ ಲೆಕ್ಕದಲ್ಲಿ ಇನ್ನೂ ಬದುಕವಳೆ. ಇಸ್ಕೂಲಿಗೆ ಹೋಗವಳೆ, ಸೂಜಿ ಚುಚ್ಚಿಸ್ಕೊಂಡವಳೆ, ಮೊನ್ನೆ ಹದಿನೆಂಟು ತುಂಬ್ಸವಳೆ. ನಾನೇ ಹೋಗಿ ಸತ್ತೋದ್ಳು ಅಂತ ಬರೆಸ್ಲಾ? ಹೆತ್ತೋಳು ನಾನು."

ಹ್ಯಾಟು ತಲೆಗಿಟ್ಟುಕೊಂಡು ಎದ್ದು ಹೋದಳು.

ಅಲ್ಲಿಂದ ಜೈಲಿಗೆ ಹೋದೆ. ಬಸಿಲಿಯಾ ಯಾರದೋ ಕಂಬಳಿ ತುಳಿದು ತೊಳೆಯುತ್ತಿದ್ದಳು. ಅಕ್ಕನ ವಿಷಯ ಗೊತ್ತಿತ್ತಾ ಎಂದು ಕೇಳಿದೆ.

"ಗೊತ್ತಿಲ್ದೆ ಏನು? ಪ್ರತಿವರ್ಷ ಅವಳ ರೊಟ್ಟಿ ತಿನ್ನೋಳು ನಾನೇ. ಮೊದ್ಲು ಕಾಲು, ಆಮೇಲೆ ಕೈ. ತಲೆ ಅಮ್ಮನಿಗೆ."

"ಮತ್ತೆ ನನಗೆ ಹೇಳಬಾರದಿತ್ತಾ ಹುಡುಗಿ?"

"ಹದಿನಾರು ಅಂದೆ. ನೀವು ನಕ್ರಿ."

ನಕ್ಕಿದ್ದೆನೇ? ನೆನಪಿಲ್ಲ.

ನವೆಂಬರ್ 7, ಮಂಗಳವಾರ

ಎದ್ದು ನಿಂತು, ನನ್ನ ಕಕ್ಷಿದಾರಳು ತಪ್ಪೊಪ್ಪಿಗೆಗೆ ಸಹಿ ಹಾಕುವುದಿಲ್ಲ ಎಂದೆ. ನ್ಯಾಯಾಧೀಶರು ಕನ್ನಡಕ ತೆಗೆದರು. ನೀವೇ ಕೇಳಿಕೊಂಡ ದಿನಾಂಕ ಇದು ಎಂದರು. ಹೌದು ಎಂದೆ. ವಯಸ್ಸಿನ ಬಗ್ಗೆ ಸಾಕ್ಷಿ ತರುತ್ತೇನೆ, ಸಮಯ ಕೊಡಿ. ಯಾರು ಸಾಕ್ಷಿ? ತಾಯಿ. ಎಲ್ಲಿ ತಾಯಿ? ಬರುತ್ತಾಳೆ ಎಂದೆ. ಬರುವುದಿಲ್ಲವೆಂದು ನಿನ್ನೆಯಷ್ಟೇ ಹೇಳಿದ್ದವಳ ಬಗ್ಗೆ!

ಇಪ್ಪತ್ತೊಂದಕ್ಕೆ ಕೊಟ್ಟರು, ಅದೇ ಕೊನೆ. ಹೊರಗೆ ಸೆಂತೆನೊ, "ಏನ್ರೀ, ಹುಷಾರಿದ್ದೀರಾ?" ಎಂದು ನಿಜವಾಗಿಯೂ ಕಾಳಜಿಯಿಂದ ಕೇಳಿದ.

ನವೆಂಬರ್ 10, ಶುಕ್ರವಾರ

ಕೊಚಬಾಂಬಾದಿಂದ ಫೋನು. ಸೋಮವಾರ ಬಂದು ಸೇರಿಕೊಳ್ಳಿ ಎಂದರು. ಈ ಸೋಮವಾರ ಆಗಲ್ಲ ಎಂದೆ. ಮತ್ಯಾವ ಸೋಮವಾರ ಎಂದರು. ನೋಡೋಣ ಎಂದೆ.

ಸಂಜೆ ಸಂತೆಬೀದಿಗೆ ಹೋಗಿ ಸತುರ್ನಿನಾಳ ಪಕ್ಕದಲ್ಲಿ ಮೂಟೆಯ ಮೇಲೆ ಕೂತೆ. ದಣಿವಿಗೆ ಇಲ್ಲಿ ಎಲ್ಲರೂ ಜಗಿಯುವ ಕೋಕಾ ಎಲೆ ಕೊಟ್ಟಳು, ಜಗಿದೆವು. ಗಿರಾಕಿ ಬಂದಾಗ ತಕ್ಕಡಿ ಹಿಡಿದುಕೊಟ್ಟೆ. ಹೊರಡುವಾಗ ಒಂದೇ ಮಾತು ಹೇಳಿದೆ. "ಬಸಿಲಿಯಾ ಹುಟ್ಟಿದ ತಾರೀಖು ಅಂತ ಜೈಲಿನಲ್ಲಿ ಬರೆದುಕೊಂಡಿರೋದು ದೊಡ್ಡವಳದು ಸತುರ್ನಿನಾ. ನಾಳೆ ಶಿಕ್ಷೆಯಾದರೆ ಅದೂ ಆ ತಾರೀಖಿನ ಬಸಿಲಿಯಾಗೇ."

ಯಾಕೆ ಹಾಗೆಂದೆನೋ. ಕಾನೂನಿನ ಮಾತಷ್ಟೇ ಅದು. ಅವಳು ಮೂಟೆಯ ಬಾಯಿ ಕಟ್ಟತೊಡಗಿದಳು.

ನವೆಂಬರ್ 14, ಮಂಗಳವಾರ

ಕಚೇರಿಯ ಬಾಗಿಲು ತೆಗೆಯುವ ಮೊದಲೇ ಹೊರಗೆ ಕೂತಿದ್ದಳು ಸತುರ್ನಿನಾ. ನಿದ್ದೆಗೆಟ್ಟ ಮುಖ. ನಮಸ್ಕಾರವನ್ನೂ ಹೇಳದೆ ಶುರುಮಾಡಿದಳು.

"ಅಲ್ಲ ಕಣವ್ವ, ನನ್ನ ದೊಡ್ಡ ಮಗಳು ಏನ್ ತಪ್ಪು ಮಾಡವಳೆ? ಹತ್ತು ತಿಂಗಳ ಕೂಸು. ಇನ್ನೂ ಹೆಜ್ಜೆ ಇಕ್ಕಿರ್ನಿಲ್ಲ. ಅವಳು ಬಸ್ ಹತ್ತಿದ್ಳಾ? ಅವಳು ಚೀಲ ಹಿಡ್ಕಂಡಿದ್ಳಾ? ಅವಳ ಹೆಸರ ಕಂಬಿ ಹಿಂದೆ ಹಾಕ್ತಾರಾ?"

"ಕಾಗದದ ಪ್ರಕಾರ ಹೌದು."

"ಹಂಗಾದ್ರೆ ಇಬ್ಬರೂ ಒಳಗವರೆ."

"ಹೌದು."

"ಇಬ್ಬರನ್ನೂ ಬುಡಿಸಿ," ಎಂದಳು.

ನಿಯೆವೆಸ್ ಬಿಸಿಬಿಸಿ ಆಪಿ ತಂದಳು. ಆ ನೇರಳೆ ಜೋಳದ ಅಂಬಲಿಯನ್ನು ಸತುರ್ನಿನಾ ಒಂದೇ ಗುಟುಕಿಗೆ ಕುಡಿದಳು. ನನ್ನದನ್ನೂ ಅವಳಿಗೇ ಕೊಟ್ಟೆ.

ನವೆಂಬರ್ 21, ಮಂಗಳವಾರ

ರಾತ್ರಿಯೆಲ್ಲ ತಯಾರಿಸಿದ್ದ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಸತುರ್ನಿನಾ ಸಾಕ್ಷಿ ಹೇಳುವ ಜಾಗದಲ್ಲಿ ಹ್ಯಾಟು ತೆಗೆದು ನಿಂತಳು. ಎದುರು ಬೆಂಚಿನಲ್ಲಿ ಬಸಿಲಿಯಾ, ಕೈಗೆ ಕೋಳ, ಪಕ್ಕದಲ್ಲಿ ಕಾವಲಿನವಳು.

"ನಿಮ್ಮ ತೀರಿಹೋದ ಮಗುವಿನ ಹೆಸರೇನಮ್ಮ?" ನ್ಯಾಯಾಧೀಶರು ಕೇಳಿದರು.

"ಬಸಿಲಿಯಾ."

"ಈ ಹುಡುಗಿ ಹೆಸರು?"

"ಬಸಿಲಿಯಾ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸೆಂತೆನೊ ಎದ್ದ. ಸತ್ತದ್ದಕ್ಕೆ ಪತ್ರವಿಲ್ಲ, ಗೋರಿಗೆ ಹೆಸರಿಲ್ಲ, ಎಂಟು ವರ್ಷ ತಪ್ಪುತ್ತದೆಂದರೆ ಯಾರು ಬೇಕಾದರೂ ಒಬ್ಬ ಸತ್ತ ಅಕ್ಕನನ್ನು ಹುಟ್ಟಿಸಬಹುದು ಎಂದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಸತುರ್ನಿನಾ ಅವನ ಕಡೆ ತಿರುಗಿದಳು. "ಹುಟ್ಸೋದು ಅಷ್ಟು ಸಲೀಸಾ ಸ್ವಾಮಿ?" ಎಂದಳು. ಜಗಳದ ದನಿಯಲ್ಲ, ಕೇಳುವ ದನಿ. ಸೆಂತೆನೊ ಕೂತ.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಆಮೇಲೆ, "ಮೇಜು ಹೂಡ್ತೀರಾ?" ಎಂದು ಕೇಳಿದರು.

"ವರ್ಸಾವರ್ಸ."

"ಯಾವ ಬಟ್ಟೆ ಹಾಸ್ತೀರಿ?"

"ಬಿಳೀದು. ಕೂಸಿಗೆ ಕರೀದು ಹಾಸ್ತಾರಾ?"

"ಹೋದ ವರ್ಷವೂ ಹೂಡಿದ್ರಾ? ಈ ಕೇಸು ಇಲ್ಲದಿದ್ದಾಗ?"

"ನಮ್ಮ ವಠಾರದೋರ್ನ ಕೇಳಿ ಸ್ವಾಮಿ. ಎಲ್ಲಾರೂ ಬಂದು ಪ್ರಾರ್ಥನೆ ಹೇಳಿ ರೊಟ್ಟಿ ತಿಂದೋರೇ. ಬೇಡ ಅಂದ್ರೂ ನಾಕು ನಾಕು ತಗೊಂಡೋದ್ರು."

ಈ ಸಲ ಎಲ್ಲರೂ ನಕ್ಕರು, ನ್ಯಾಯಾಧೀಶರೂ. ವಠಾರದ ಮಾಲೀಕಳನ್ನು ನಿಯೆವೆಸ್ ಕರೆತಂದಿದ್ದಳು. ಪುಣ್ಯಾತ್ಗಿತ್ತಿ, ನನಗೆ ಹೇಳಿಯೂ ಇರಲಿಲ್ಲ. ಆಕೆ ಎದ್ದು ನಿಂತು, ಹೌದು, ಬಾಡಿಗೆಗೆ ಬಂದ ವರ್ಷದಿಂದಲೂ ಬಿಳಿ ಬಟ್ಟೆಯೇ ಎಂದಳು.

ನ್ಯಾಯಾಧೀಶರು ತಮ್ಮೂರಿನಲ್ಲೂ ಹೀಗೆ ಮಾಡುತ್ತಿದ್ದುದುಂಟು ಎಂದು ಮೆಲ್ಲನೆ ಹೇಳಿದರು. ಬರೆದುಕೊಳ್ಳುವ ಗುಮಾಸ್ತೆ ತಲೆ ಎತ್ತಿದಾಗ, ಅದನ್ನು ಬರೆಯಬೇಡ ಎಂದರು. ಬರೆಸಿದ್ದು ಇಷ್ಟು. ಕಾಗದ ಈ ಹುಡುಗಿಯದೇ ಎಂಬುದರಲ್ಲಿ ಅನುಮಾನವಿದೆ. ಅನುಮಾನವಿರುವ ಕಡೆ ಅವಳನ್ನು ಮಗು ಎಂದೇ ತಿಳಿಯತಕ್ಕದ್ದು. ಕೇಸು ಮಕ್ಕಳ ನ್ಯಾಯಾಲಯಕ್ಕೆ. ಹುಡುಗಿ ಇಂದೇ ಮಕ್ಕಳ ಕೇಂದ್ರಕ್ಕೆ.

ಬಸಿಲಿಯಾಗೆ ಅರ್ಥವಾಗಲಿಲ್ಲ. ಗೆದ್ದೆವಾ ಎಂದು ಸನ್ನೆಯಲ್ಲಿ ಕೇಳಿದಳು. ಕೋಳ ತೆಗೆಸಿ ಎಂದು ಕಾವಲಿನವಳಿಗೆ ಕೂಗಿದೆ. ಮಕ್ಕಳಿಗೆ ಕೋಳ ಹಾಕುವಂತಿಲ್ಲ, ಕಾನೂನಿದೆ, ತೆಗೆಯಿರಿ ಎಂದು ಕಿರುಚಿದೆನಂತೆ. ನಿಯೆವೆಸ್ ಹೇಳಿದಳು. ಗಂಟಲು ಕಟ್ಟಿದೆ.

ನವೆಂಬರ್ 24, ಶುಕ್ರವಾರ

ಹುಡುಗಿಯರ ಕೇಂದ್ರದಲ್ಲಿ ಬಸಿಲಿಯಾ ಮುಖ ಊದಿಸಿಕೊಂಡು ಕೂತಿದ್ದಳು. ಇಲ್ಲಿ ಆಡಲು ಚಿಕ್ಕ ಮಕ್ಕಳಿಲ್ಲ, ಬೆಳಗ್ಗೆ ಲೆಕ್ಕ ಮಾಡಿಸುತ್ತಾರೆ, ಜೈಲಿನಲ್ಲೇ ಚೆನ್ನಾಗಿತ್ತು ಎಂದಳು. ಬೈದೆ. ನಿನಗಾಗಿ ನಾನು ಎಷ್ಟು... ಎಂದು ಶುರುಮಾಡಿ ಅರ್ಧಕ್ಕೆ ಬಿಟ್ಟೆ. ಹದಿನಾರರ ಹುಡುಗಿ ಹದಿನಾರರ ಹಾಗೆ ಮಾತಾಡಿದರೆ ಬೈಯುವುದೇನು.

ಮಕ್ಕಳ ನ್ಯಾಯಾಧೀಶರು ಅವಳನ್ನು ಮನೆಗೆ ಕಳಿಸಲು ಒಪ್ಪಿದ್ದಾರೆ. ವಾರಕ್ಕೊಮ್ಮೆ ಬಂದು ಹಾಜರಿ ಹಾಕಬೇಕು, ಶಾಲೆಗೆ ಹೋಗಬೇಕು. ಆದರೆ ಅವಳ ಹೆಸರಿನಲ್ಲಿ ಒಂದು ಕಾಗದವಾದರೂ ಇರಬೇಕಲ್ಲ. ಈಗ ಅವಳು ಯಾರೂ ಅಲ್ಲ. ಹುಟ್ಟನ್ನು ಹೊಸದಾಗಿ ಬರೆಸಲು ಆದೇಶ ಕೊಟ್ಟಿದ್ದಾರೆ.

ಬೇಕಾದರೆ ಬೇರೆ ಹೆಸರು ಆರಿಸಿಕೊಳ್ಳಬಹುದು ಎಂದು ಹೇಳಿದೆ.

"ಬೇರೇದು ಯಾಕೆ? ಇದೇ ಇರ್ಲಿ. ಅವಳೇನು ಬೇಜಾರು ಮಾಡ್ಕೊಳಲ್ಲ," ಎಂದಳು.

ನವೆಂಬರ್ 30, ಗುರುವಾರ

ಸತುರ್ನಿನಾ ಹೊಸ ಲಂಗ ಉಟ್ಟು ಬಂದಿದ್ದಳು. ನೋಂದಣಿ ಕಚೇರಿಯ ಸಾಲು ಬೀದಿಯವರೆಗೂ ಇತ್ತು. ನಮ್ಮ ಸರದಿ ಬಂದಾಗ ಕಿಟಕಿಯ ಹಿಂದಿನ ಹುಡುಗ ಆದೇಶ ಓದಿ, ಕೀಲಿಮಣೆ ಕುಟ್ಟಿ, ತಲೆಯಾಡಿಸಿದ.

"ಹುಟ್ಟು ಈಗ್ಲೇ ಬರೆಯೋಕಾಗಲ್ಲ ಮೇಡಂ. ಅದೇ ತಾಯಿ, ಅದೇ ಹೆಸರು, ಬದುಕಿದ್ದಾಳೆ ಅಂತ ತೋರಿಸ್ತಿದೆ. ಮೊದ್ಲು ಅದನ್ನ ಮುಚ್ಚಬೇಕು. ಆಮೇಲೆ ಇದು."

ಇದನ್ನು ನಾನು ಮೊದಲೇ ಹೇಳಬೇಕಿತ್ತು. ಕೋರ್ಟಿನಲ್ಲಿ ಹೇಳಿದಳಲ್ಲ, ಮುಗಿಯಿತು ಎಂದುಕೊಂಡಿದ್ದೆ. ದೊಡ್ಡವಳು ಸತ್ತಳೆಂದು ಮೊದಲು ಬರೆಸಬೇಕು ಎಂದು ಸತುರ್ನಿನಾಳ ಕಡೆ ತಿರುಗಿ ಹೇಳಿದೆ. ಅವಳು ನನ್ನ ಮುಖ ನೋಡಿದಳು, ಕಿಟಕಿ ನೋಡಿದಳು. ಆಮೇಲೆ ಹೆಬ್ಬೆಟ್ಟನ್ನು ಲಂಗಕ್ಕೆ ಒರೆಸಿಕೊಂಡು ಮುಂದೆ ಚಾಚಿದಳು.

ಹುಡುಗ ಒತ್ತಿಸಿಕೊಂಡ. ಯಂತ್ರ ಕಾಗದ ಉಗುಳಿತು. ಅದನ್ನು ಅವಳ ಕೈಗೆ ಕೊಟ್ಟು, ಎಲ್ಲರಿಗೂ ಹೇಳುವ ಹಾಗೆ, "ದೇವರು ಶಾಂತಿ ಕೊಡಲಿ," ಎಂದ.

"ಏನ್ ಬರೆದೈತೆ?" ಸತುರ್ನಿನಾ ಕೇಳಿದಳು.

ಓದಿದೆ. "ಬಸಿಲಿಯಾ ವರಾಚಿ. ಹೆಣ್ಣು. ವಯಸ್ಸು ಹತ್ತು ತಿಂಗಳು. ಮರಣ."

"ಇನ್ನೊಂದಪ ಓದಿ."

ಇನ್ನೊಮ್ಮೆ ಓದಿದೆ. ಅವಳು ಕಾಗದವನ್ನು ಮಡಚಲಿಲ್ಲ. ಎರಡೂ ಕೈಯಲ್ಲಿ ಹಾಗೇ ಹಿಡಿದುಕೊಂಡು, ಸಾಲಿನಿಂದ ಎರಡು ಹೆಜ್ಜೆ ಈಚೆಗೆ ಬಂದು, ನೆಲದ ಮೇಲೆ ಕೂತು ಅಳತೊಡಗಿದಳು. ಕೋರ್ಟಿನಲ್ಲಿ ಅತ್ತಿರಲಿಲ್ಲ. ಜೈಲಿನ ಬಾಗಿಲಿನಲ್ಲೂ ಅತ್ತಿರಲಿಲ್ಲ. ಸಾಲಿನಲ್ಲಿದ್ದ ಹೆಂಗಸರು ತಮ್ಮ ಹ್ಯಾಟು ತೆಗೆದರು. ಒಬ್ಬ ಮುದುಕಿ ಅವಳ ಪಕ್ಕ ಕುಕ್ಕರಿಸಿ, ಶಾಲಿನ ಗಂಟಿನಿಂದ ಕೋಕಾ ಎಲೆ ತೆಗೆದು ಅಂಗೈಗೆ ಹಾಕಿ, ಬೆನ್ನು ಸವರಿದಳು.

"ಯಾವಾಗ ಹೋಯ್ತವ್ವ ಕೂಸು?"

"ಈಗ," ಎಂದಳು ಸತುರ್ನಿನಾ. "ಈಗ ಹೋಯ್ತು."

ನಾನೂ ಅವಳ ಜೊತೆ ನೆಲದ ಮೇಲೆ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ನಮ್ಮ ಸರದಿ ತಪ್ಪಿಹೋಯಿತು. ಅವಳ ಅಳು ನಿಂತ ಮೇಲೆ ಅವಳನ್ನು ಎಬ್ಬಿಸಿ ಬೀದಿಯವರೆಗೆ ನಡೆಸಿಕೊಂಡು ಹೋಗಿ, ಬಸಿಲಿಯಾಳ ಹುಟ್ಟು ಬರೆಸಲು ಸಾಲಿನ ಕೊನೆಯಲ್ಲಿ ಮತ್ತೆ ನಿಂತೆವು.